ಬೇರೆಯವರ ಬೈಕ್ ಏರುವ ಮುನ್ನ

ಕಾಲೇಜಿನ ಆವರಣಕ್ಕೆ ಯಾರಾದರೂ ಬೇರೆ ಮಾದರಿಯ ಬೈಕ್ ತಂದರೆ ಸಾಕು, ‘ಒಂದು ರೌಂಡ್ ಕೊಡೋ’ ಎಂಬ ಬೇಡಿಕೆ ಶುರುವಾಗುತ್ತದೆ. ಸುತ್ತು ಹಾಕಿ ಬಂದವನು ‘ನನ್ನ ಗಾಡಿಗಿಂತ ಇದೇ ವಾಸಿ’ ಎಂದು ತೀರ್ಪನ್ನೂ ಕೊಟ್ಟುಬಿಡುತ್ತಾನೆ. ಆದರೆ ಆ ಒಂದು ಸುತ್ತಿನಲ್ಲಿ ಪರೀಕ್ಷೆಗೆ ಒಳಗಾದದ್ದು ಬೈಕೋ, ಸವಾರನೋ?

ಉತ್ತರಕ್ಕಾಗಿ ನಮ್ಮ ರಸ್ತೆಗಳಿಗೆ ಚಿರಪರಿಚಿತವಾದ ಎರಡು ಹಳೆಯ ಬೈಕುಗಳನ್ನು ಅಕ್ಕಪಕ್ಕ ನಿಲ್ಲಿಸೋಣ. ಒಂದು, 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100. ಇನ್ನೊಂದು, ಅದಕ್ಕೂ ಮೂರು ದಶಕ ಮೊದಲೇ ಮದರಾಸಿನಲ್ಲಿ ನೆಲೆ ಕಂಡ ಎನ್‌ಫೀಲ್ಡ್ ಬುಲೆಟ್ 350. ಎರಡೂ ಫೋರ್ ಸ್ಟ್ರೋಕ್. ಎರಡಕ್ಕೂ ಒಂದೇ ಸಿಲಿಂಡರ್, ನಾಲ್ಕೇ ಗೇರ್. ಸಾಮ್ಯ ಬಹುತೇಕ ಅಲ್ಲಿಗೆ ಮುಗಿಯಿತು.

ಕಿವಿ ಮಾಡುವ ಮೋಸ

ಬುಲೆಟ್‌ನ ಸಿಲಿಂಡರಿನ ಒಳವ್ಯಾಸ 7 ಸೆಂ.ಮೀ., ಪಿಸ್ಟನ್ ಚಲಿಸುವ ದೂರ 9 ಸೆಂ.ಮೀ. ಸಿಡಿ 100ರಲ್ಲಿ ಇವು 5 ಮತ್ತು 4.95 ಸೆಂ.ಮೀ. ಸಿಲಿಂಡರಿನ ಘನಫಲ ಕಂಡುಹಿಡಿಯುವ ಶಾಲೆಯ ಸೂತ್ರಕ್ಕೆ ಇವನ್ನು ಹಾಕಿ ನೋಡಿ. ಸುಮಾರು 346 ಮತ್ತು 97 ಘನ ಸೆಂ.ಮೀ. ಬರುತ್ತದೆ. ಬೈಕಿನ ‘ಸಿಸಿ’ ಎಂದರೆ ಇದೇ.

ಉದ್ದನೆಯ ಸ್ಟ್ರೋಕ್ ಮತ್ತು ಭಾರವಾದ ಫ್ಲೈವೀಲ್ ಇರುವುದರಿಂದ ಬುಲೆಟ್ ಎಂಜಿನ್ ನಿಧಾನವಾಗಿ ತಿರುಗುತ್ತಲೇ ಚೆನ್ನಾಗಿ ಎಳೆಯುತ್ತದೆ. ಸಿಡಿ 100ರ ಪುಟ್ಟ ಎಂಜಿನ್ ಶಕ್ತಿ ಕೊಡಬೇಕಾದರೆ ಜೋರಾಗಿ ತಿರುಗಬೇಕು. ಸಣ್ಣ ಎಂಜಿನ್ನಿನ ಸದ್ದಿಗೆ ಹೊಂದಿಕೊಂಡ ಕಿವಿಗೆ ಬುಲೆಟ್‌ನ ‘ಡುಗ್ ಡುಗ್’ ನಿಧಾನವೆನ್ನಿಸುವುದು ಸಹಜ. ಗಂಟೆಗೆ 40 ಕಿ.ಮೀ. ಎಂದುಕೊಂಡಾಗ ಮೀಟರಿನ ಮುಳ್ಳು 60ರಲ್ಲಿರಬಹುದು.

ಕಾಲಿನ ರೂಢಿ

ಇದಕ್ಕಿಂತ ದೊಡ್ಡ ಅಪಾಯ ಕಾಲಿನ ಬಳಿ ಇದೆ. ಸಿಡಿ 100ರಲ್ಲಿ ಎಡಗಾಲಿಗೆ ಗೇರ್, ಬಲಗಾಲಿಗೆ ಬ್ರೇಕ್. ಇಂದಿನ ಬೈಕುಗಳೆಲ್ಲ ಇದೇ ಕ್ರಮದವು. ಹಳೆಯ ಬುಲೆಟ್‌ನಲ್ಲಿ ಇದು ಪೂರ್ತಿ ಅದಲುಬದಲು: ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಅಂಥ ಬುಲೆಟ್‌ಗಳು ಈಗಲೂ ಅನೇಕರ ಮನೆಗಳಲ್ಲಿ ಜೋಪಾನವಾಗಿವೆ.

ಅದನ್ನು ಮೊದಲ ಸಲ ಏರಿದವನು ಗೇರ್ ಬದಲಿಸಲೆಂದು ಎಡಗಾಲು ಒತ್ತಿದರೆ ನಡುರಸ್ತೆಯಲ್ಲಿ ಗಾಡಿ ಗಕ್ಕನೆ ನಿಲ್ಲುತ್ತದೆ. ಹಿಂದೆ ಬಸ್ಸು ಬರುತ್ತಿದ್ದರೆ? ಮಗುವೊಂದು ಅಡ್ಡ ಓಡಿ ಬಂದಾಗ ಬಲಗಾಲು ಒತ್ತಿದರೆ ಸಿಗುವುದು ಬ್ರೇಕ್ ಅಲ್ಲ, ಗೇರ್! ‘ನನಗೆ ಗೊತ್ತು, ನೆನಪಿಟ್ಟುಕೊಳ್ಳುತ್ತೇನೆ’ ಎಂದರೆ ಸಾಲದು. ಗಾಬರಿಯಾದಾಗ ಕಾಲು ಬುದ್ಧಿಯ ಮಾತು ಕೇಳುವುದಿಲ್ಲ, ರೂಢಿಯ ಮಾತು ಕೇಳುತ್ತದೆ.

ಈ ತಪ್ಪಿನ ಬೆಲೆಯನ್ನು ಲೆಕ್ಕ ಹಾಕಬಹುದು. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಪೆಡಲ್ ಹುಡುಕುವುದರಲ್ಲಿ ಒಂದೇ ಸೆಕೆಂಡು ಕಳೆದರೂ ಗಾಡಿ ಅಷ್ಟು ದೂರ ಮುಂದೆ ಸಾಗಿರುತ್ತದೆ. ಬ್ರೇಕ್ ಪ್ರತಿ ಸೆಕೆಂಡಿಗೂ ವೇಗವನ್ನು ಸೆಕೆಂಡಿಗೆ 5 ಮೀಟರಿನಷ್ಟು ತಗ್ಗಿಸುತ್ತದೆ ಎಂದುಕೊಂಡರೆ, 40 ಕಿ.ಮೀ. ವೇಗದಿಂದ ನಿಲ್ಲಲು ಸುಮಾರು 12 ಮೀಟರ್ ಬೇಕು. 60ರಿಂದ ನಿಲ್ಲಲು 28 ಮೀಟರ್. ವೇಗ ಒಂದೂವರೆ ಪಟ್ಟಾದರೆ ದೂರ ಎರಡೂಕಾಲು ಪಟ್ಟು!

2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆಲ್ಲ ಚಕ್ರ ಸಿಕ್ಕಿಬೀಳದಂತೆ ತಡೆಯುವ ಎಬಿಎಸ್ ಬ್ರೇಕ್ ಕಡ್ಡಾಯವಾಗಿದೆ. ಅದಕ್ಕೆ ಒಗ್ಗಿದ ಕೈ ಹಳೆಯ ಡ್ರಮ್ ಬ್ರೇಕಿನ ಗಾಡಿಯನ್ನು ಮಳೆಯಲ್ಲಿ ಅದೇ ಬಿಗಿಯಿಂದ ಹಿಡಿದರೆ ಚಕ್ರ ಜಾರೀತು.

ಹೋಲಿಕೆಯೂ ಒಂದು ಪ್ರಯೋಗ

ಆದ್ದರಿಂದ ಅಪರಿಚಿತ ಬೈಕಿನ ಮೊದಲ ಕೆಲವು ಕಿಲೋಮೀಟರು ಬೈಕಿಗಿಂತ ನಮ್ಮ ರೂಢಿಯ ಬಗ್ಗೆಯೇ ಹೆಚ್ಚು ಹೇಳುತ್ತವೆ. ನಿಜವಾದ ಹೋಲಿಕೆ ಬೇಕಿದ್ದರೆ ಪ್ರಯೋಗಾಲಯದ ನಿಯಮವನ್ನೇ ಪಾಲಿಸಬೇಕು: ಒಂದನ್ನು ಮಾತ್ರ ಬದಲಿಸಿ, ಉಳಿದದ್ದನ್ನು ಹಾಗೆಯೇ ಇಡಿ. ಸವಾರ, ರಸ್ತೆ, ಹೊರೆ ಒಂದೇ ಆಗಿರಲಿ. ಎರಡೂ ಗಾಡಿಗಳ ಟೈರುಗಳಲ್ಲಿ ಆಯಾ ಕಂಪನಿ ಸೂಚಿಸಿದಷ್ಟು ಗಾಳಿ ಇರಲಿ.

ಮೈಲೇಜಂತೂ ಒಂದು ಸುತ್ತಿನಲ್ಲಿ ತಿಳಿಯುವುದಿಲ್ಲ. ಟ್ಯಾಂಕ್ ತುಂಬಿಸಿ, ಇನ್ನೂರು ಕಿ.ಮೀ. ಓಡಿಸಿ, ಮತ್ತೆ ತುಂಬಿಸಿ. 4 ಲೀಟರ್ ಹಿಡಿದರೆ ಲೀಟರಿಗೆ 50 ಕಿ.ಮೀ. ಎಂದಾಯಿತು.

ತಂದೆತಾಯಂದಿರಿಗೆ ಒಂದು ಮಾತು. ಗೇರ್ ಇರುವ ಇಂಥ ಬೈಕಿನ ಪರವಾನಗಿಗೆ 18 ವರ್ಷ ತುಂಬಿರಬೇಕು. ‘ಒಂದೇ ರೌಂಡ್’ ಎಂಬ ರಿಯಾಯಿತಿ ಕಾನೂನಿನಲ್ಲಿಲ್ಲ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ವಾಹನ ಓಡಿಸಿ ತಪ್ಪೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ ಬೀಳಬಹುದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿಯೂ ಸಿಗದು.

ಪರವಾನಗಿ ಇರುವವರೂ ಬೇರೆ ಬೈಕ್ ಏರಿದಾಗ ಮೊದಲು ಎಂಜಿನ್ ಆರಿಸಿಯೇ ಕುಳಿತು ಬ್ರೇಕ್, ಗೇರ್, ಕ್ಲಚ್ಚುಗಳನ್ನು ಹತ್ತು ಬಾರಿ ಒತ್ತಿ ನೋಡಲಿ. ಆಮೇಲೆ ಖಾಲಿ ಮೈದಾನದಲ್ಲಿ ಹತ್ತು ಬಾರಿ ಹೊರಟು, ಹತ್ತು ಬಾರಿ ನಿಲ್ಲಿಸಲಿ. ಗಾಡಿ ಎಷ್ಟು ಜೋರಾಗಿ ಓಡುತ್ತದೆಂಬುದನ್ನು ಅನಂತರ ನೋಡಿದರಾಯಿತು. ಹೇಗೆ ನಿಲ್ಲುತ್ತದೆಂಬುದು ಮೊದಲು ತಿಳಿದಿರಲಿ. ತಲೆಯ ಮೇಲೆ ಹೆಲ್ಮೆಟ್ ಇರಲಿ.