ಅಜ್ಜಿಯ ಕೈ ಯಾಕೆ ಜರ್ಕ್ ಹೊಡೀತು?

ಅಕ್ಕನ ಮದುವೆ ವಿಡಿಯೋ ಎಡಿಟ್ ಮಾಡೋಕೆ ನಾನೇ ಕೂತಿದ್ದೆ. ಕ್ಯಾಮೆರಾದ್ದು ಫುಲ್ ಎಚ್‌ಡಿ, ಸೆಕೆಂಡಿಗೆ 25 ಫ್ರೇಮ್. ನನ್ನ ಫೋನಿಂದು 4ಕೆ, 30 ಫ್ರೇಮ್. ಧಾರೆ ಹೊತ್ತಲ್ಲಿ ಅಜ್ಜಿ ಅಕ್ಷತೆ ಹಾಕಿದ್ದು ಫೋನಲ್ಲಿ ಮಾತ್ರ ಇತ್ತು. ಅದನ್ನ 25ರ ಟೈಮ್‌ಲೈನಿಗೆ ಹಾಕಿದ್ರೆ ಅಜ್ಜಿಯ ಕೈ ಜರ್ಕ್ ಹೊಡೀತಿತ್ತು. ಕಾರಣ ಇಷ್ಟೇ: ಸೆಕೆಂಡಿಗೆ 5 ಫ್ರೇಮ್ ಬಿಟ್ಟುಹೋಗುತ್ತೆ.

ಆಗ ಆ ಶಾಟ್ ವೇಗವನ್ನ ಸುಮಾರು 83 ಪರ್ಸೆಂಟ್‌ಗೆ ಇಳಿಸಿದೆ. ಒಂದು ಫ್ರೇಮೂ ಹೋಗಲಿಲ್ಲ, ಕೈ ನಿಧಾನವಾಗಿ, ನಯವಾಗಿ ಚಲಿಸಿತು. ಧ್ವನಿ ಎಳೆದಂತಾಗಿದ್ದಕ್ಕೆ ಮ್ಯೂಟ್ ಮಾಡಿ, ಕ್ಯಾಮೆರಾದಲ್ಲಿದ್ದ ವಾಲಗ ಹಾಕಿದೆ.

ಇನ್ನು 4ಕೆ ಅಂದ್ರೆ ಉದ್ದ, ಅಗಲ ಎರಡರಲ್ಲೂ ಫುಲ್ ಎಚ್‌ಡಿಯ ದುಪ್ಪಟ್ಟು. ಹಾಗಾಗಿ ಅಜ್ಜಿಯ ಮುಖಕ್ಕೆ ಜೂಮ್ ಮಾಡಿದ್ರೂ ಮಸುಕಾಗಲಿಲ್ಲ. ಫುಲ್ ಎಚ್‌ಡಿಯನ್ನ 4ಕೆಗೆ ಹಿಗ್ಗಿಸಿದ್ರೆ ಮಾತ್ರ ಮಸುಕಾಗುತ್ತೆ.

ನೀವು ಶೂಟಿಗೆ ಮೊದಲೇ ಎಲ್ಲರ ಫ್ರೇಮ್ ರೇಟ್ ಒಂದೇ ಮಾಡ್ಕೊಳ್ಳಿ.