ಹಿಂದಿರುಗುವುದೂ ಒಂದು ವಿದ್ಯೆ

ಮೇ ತಿಂಗಳ ನಡುಹಗಲು. ಆಳಂದ ತಾಲ್ಲೂಕಿನ ನರೋಣಾದಲ್ಲಿ ಉಷ್ಣತೆ 42 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೂ ಯಾರಿಗೂ ಅಚ್ಚರಿಯಿಲ್ಲ. ತೊಗರಿ ಬೆಳೆದು ಬರಿದಾದ ಎರೆಹೊಲ ಬಿರುಕು ಬಿಟ್ಟು ಮಲಗಿರುತ್ತದೆ. ಶಾಲೆಗೆ ಬೀಗ ಬಿದ್ದಿರುತ್ತದೆ. ಬೇವಿನ ಮರದ ನೆರಳಿಗೆ ಕುಳಿತ ಹುಡುಗರ ಕೈಗೆ ಆ ಹೊತ್ತಿನಲ್ಲಿ ಹಿಮಾಲಯದ ಚಿತ್ರವೊಂದು ಸಿಕ್ಕರೆ ಏನಾಗಬೇಡ? ಬಿಳಿ ಶಿಖರ, ನೀಲಿ ಸರೋವರ, ಬೆನ್ನಿಗೆ ಚೀಲ ಕಟ್ಟಿಕೊಂಡು ಸಾಲಾಗಿ ಸಾಗುವ ತರುಣರು. ‘ನಾವೂ ಒಮ್ಮೆ ಹೋಗಬೇಕು’ ಎಂಬ ಮಾತು ತಾನಾಗಿ ಬರುತ್ತದೆ.

ಹೋಗಲೇಬೇಕು. ಪುಸ್ತಕದಲ್ಲಿ ಓದಿದ ಭೂಗೋಳವನ್ನು ಕಾಲಿನಿಂದ ಓದುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ. ಎನ್.ಸಿ.ಸಿ. ಶಿಬಿರಗಳ ಮೂಲಕ, ಯೂತ್ ಹಾಸ್ಟೆಲ್ಸ್ ಸಂಘದ ಚಾರಣಗಳ ಮೂಲಕ ಕರ್ನಾಟಕದ ಸಾವಿರಾರು ವಿದ್ಯಾರ್ಥಿಗಳು ಹಿಮಾಲಯವನ್ನು ಕಂಡು ಬಂದಿದ್ದಾರೆ. ಆದರೆ ಹೊರಡುವ ಮುನ್ನ ಪ್ರತಿಯೊಬ್ಬ ವಿದ್ಯಾರ್ಥಿಯೂ, ಅವನನ್ನು ಕಳಿಸಿಕೊಡುವ ತಂದೆ-ತಾಯಿಯೂ 2024ರ ಜೂನ್ ತಿಂಗಳ ಒಂದು ಘಟನೆಯನ್ನು ಅರಿತಿರಬೇಕು.

ಸಹಸ್ರತಾಲದ ದಾರಿಯಲ್ಲಿ

ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯ ಎತ್ತರದ ಬೆಟ್ಟಗಳಲ್ಲಿ ಸಹಸ್ರತಾಲವೆಂಬ ಸರೋವರಗಳ ತಾಣವಿದೆ. ಸಮುದ್ರಮಟ್ಟದಿಂದ ಸುಮಾರು 4,400 ಮೀಟರು ಎತ್ತರ. 2024ರ ಮೇ 29ರಂದು 22 ಜನರ ತಂಡವೊಂದು ಅತ್ತ ಹೊರಟಿತು. ಕರ್ನಾಟಕದವರು 18 ಮಂದಿ, ಮಹಾರಾಷ್ಟ್ರದವರು ಒಬ್ಬರು, ಸ್ಥಳೀಯ ಮಾರ್ಗದರ್ಶಕರು ಮೂವರು. ಇವರು ಮೋಜಿಗೆಂದು ಹೊರಟ ಹುಡುಗರಲ್ಲ. ಅನೇಕರು ಐವತ್ತು ದಾಟಿದವರು, ಹಿಂದೆಯೂ ಬೆಟ್ಟ ಹತ್ತಿದ ಅನುಭವ ಉಳ್ಳವರು.

ಜೂನ್ ಮೊದಲ ವಾರದಲ್ಲಿ, ಎತ್ತರದ ಬಯಲಿನಲ್ಲಿದ್ದ ಆ ತಂಡ ಹಿಮದ ಬಿರುಗಾಳಿಗೆ ಸಿಕ್ಕಿತು. ಎದುರಿಗಿದ್ದವರ ಮುಖ ಕಾಣದಂತಾಯಿತು. ಶಿಬಿರ ತಲುಪಲಾಗದೆ ಬಯಲಿನಲ್ಲೇ ರಾತ್ರಿ ಕಳೆಯಬೇಕಾಯಿತು. ಕರ್ನಾಟಕದಿಂದ ಹೋಗಿದ್ದ 9 ಜನ ಅಲ್ಲಿಯೇ ಪ್ರಾಣ ಬಿಟ್ಟರು. ಉಳಿದ 13 ಜನರನ್ನು ವಾಯುಪಡೆಯ ಹೆಲಿಕಾಪ್ಟರ್‌ಗಳೂ ರಾಜ್ಯ ವಿಪತ್ತು ಸ್ಪಂದನಾ ಪಡೆಯವರೂ ಸೇರಿ ಕಾಪಾಡಿದರು. ಕರ್ನಾಟಕದ ಕಂದಾಯ ಸಚಿವ ಕೃಷ್ಣ ಬೈರೇಗೌಡ ಅವರು ಡೆಹ್ರಾಡೂನಿಗೆ ಧಾವಿಸಿ, ಬದುಕಿ ಬಂದವರನ್ನೂ ತೀರಿಕೊಂಡವರ ದೇಹಗಳನ್ನೂ ಬೆಂಗಳೂರಿಗೆ ಕರೆತರುವ ಏರ್ಪಾಡು ನೋಡಿಕೊಂಡರು.

ಕಾಲು ಜಾರಿ ಕಮರಿಗೆ ಬಿದ್ದು ಆದ ಸಾವುಗಳಲ್ಲ ಇವು. ಚಳಿ, ಗಾಳಿ, ದಣಿವು ಮೂರೂ ಒಟ್ಟಿಗೆ ಬಂದು ಕೊಂದವು. ಇದು ಹೇಗೆ ಸಾಧ್ಯ? ಇದಕ್ಕೆ ಉತ್ತರ ಹೈಸ್ಕೂಲಿನ ವಿಜ್ಞಾನದ ಪುಸ್ತಕದಲ್ಲೇ ಇದೆ. ನರೋಣಾದ ಹುಡುಗನೊಬ್ಬ ಅದೇ ದಾರಿಯಲ್ಲಿ ಹೊರಟನೆಂದು ಊಹಿಸಿಕೊಂಡು ಒಂದೊಂದೇ ಹೆಜ್ಜೆ ನೋಡೋಣ.

ಬೆಟ್ಟಕ್ಕೆ ಮುಂಚೆ ರಸ್ತೆ

ಊರಿನ ಬಸ್ಸು ಹಿಡಿದು ಕಲಬುರಗಿ, ಅಲ್ಲಿಂದ ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿಗೂ ಮಿಕ್ಕಿ ಕಳೆದರೆ ದೆಹಲಿ, ಮುಂದೆ ಡೆಹ್ರಾಡೂನ್, ಆಮೇಲೆ ಬೆಟ್ಟದ ತಿರುವು ರಸ್ತೆಯಲ್ಲಿ ಉತ್ತರಕಾಶಿ. ಮೊದಲ ತೊಂದರೆಗಳು ಇಲ್ಲಿಯೇ ಶುರು. ರೈಲು ತಡವಾದರೆ ಮುಂದಿನ ಬಸ್ಸು ತಪ್ಪುತ್ತದೆ. ಬೇಸಿಗೆಯ ನಾಲ್ಕು ಧಾಮದ ಯಾತ್ರೆಯ ಗದ್ದಲದಲ್ಲಿ ಬೇರೆ ವಾಹನ ಸಿಗುವುದಿಲ್ಲ. ತಿರುವುಗಳಲ್ಲಿ ವಾಂತಿ, ಕಂಡಕಂಡಲ್ಲಿ ನೀರು ಕುಡಿದು ಹೊಟ್ಟೆ ಕೆಡುವುದು ಬೇರೆ. ಇವೆಲ್ಲ ಸಣ್ಣ ಸಂಗತಿಗಳೆನಿಸಬಹುದು. ಆದರೆ ನಿದ್ದೆಗೆಟ್ಟು, ಹೊಟ್ಟೆ ಖಾಲಿಯಾಗಿ, ಮೈಯ ನೀರು ಬತ್ತಿ ಬೆಟ್ಟದ ಬುಡ ತಲುಪಿದವನು ಹತ್ತುವ ಮೊದಲೇ ಅರ್ಧ ಸೋತಿರುತ್ತಾನೆ.

ಇನ್ನು ರಸ್ತೆಯ ಮಾತು. ನರೋಣಾದ ಎರೆಮಣ್ಣಿನ ಕೆಳಗಿರುವುದು ದಖ್ಖನ್ನಿನ ಕಪ್ಪು ಬಸಾಲ್ಟ್ ಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ ಪದರ ಪದರವಾಗಿ ಆರಿ ಗಟ್ಟಿಯಾದದ್ದು. ಹಿಮಾಲಯ ಹಾಗಲ್ಲ. ಭಾರತದ ಭೂಫಲಕ ಏಷ್ಯಾದ ಫಲಕವನ್ನು ಸುಮಾರು 5 ಕೋಟಿ ವರ್ಷಗಳ ಹಿಂದೆ ಗುದ್ದಿತು. ಇಂದಿಗೂ ಒತ್ತುತ್ತಲೇ ಇದೆ. ಆ ಒತ್ತಡಕ್ಕೆ ಮಡಿಚಿ ಮುರಿದ ಕಲ್ಲುಗಳ ರಾಶಿಯೇ ಹಿಮಾಲಯ. ಕಡಿದಾದ ಇಳಿಜಾರಿನಲ್ಲಿ ಸಡಿಲ ಕಲ್ಲಿನ ನಡುವೆ ಮಳೆನೀರು ಇಳಿದರೆ ಗುಡ್ಡ ಜಾರುತ್ತದೆ. 2013ರ ಜೂನ್‌ನಲ್ಲಿ ಕೇದಾರನಾಥದ ಪ್ರವಾಹ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. 2025ರ ಆಗಸ್ಟ್ 5ರಂದು ಉತ್ತರಕಾಶಿ ಜಿಲ್ಲೆಯದೇ ಧರಾಲಿ ಗ್ರಾಮದ ಮೇಲೆ ಕೆಸರಿನ ಪ್ರವಾಹ ನುಗ್ಗಿತು.

ಹೀಗಾಗಿ ಹಿಮಾಲಯಕ್ಕೆ ಹೊರಡುವವರು ಎರಡು ಮೂರು ದಿನ ಹೆಚ್ಚಿಗೆ ಇಟ್ಟುಕೊಂಡೇ ಹೊರಡಬೇಕು. ಮರಳುವ ಟಿಕೆಟ್ಟಿನ ದಿನ ಸಮೀಪಿಸಿತೆಂದು ಕೆಟ್ಟ ಹವೆಯಲ್ಲೂ ಮುನ್ನುಗ್ಗುವುದು ಅನೇಕ ಅವಘಡಗಳ ಬೇರು. ಟಿಕೆಟ್ ಹೋದರೆ ಇನ್ನೊಂದು ಕೊಳ್ಳಬಹುದು.

ತಪ್ಪಲು ಎಂಬ ಮಾತಿನ ಮೋಸ

‘ಹಿಮಾಲಯದ ತಪ್ಪಲಿಗೆ ಹೋಗುತ್ತೇವೆ’ ಎಂದಾಗ ಮನೆಯವರಿಗೆ ಏನೋ ಸಮಾಧಾನ. ತಪ್ಪಲು ಎಂದರೆ ಬೆಟ್ಟದ ಬುಡ ತಾನೆ? ಆದರೆ ಹೋಲಿಕೆ ನೋಡಿ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 1,930 ಮೀಟರು. ಸಹಸ್ರತಾಲ ಅದರ ಎರಡು ಪಟ್ಟಿಗಿಂತ ಎತ್ತರ. ಆದರೂ ಅದು ಹಿಮಾಲಯದ ದೊಡ್ಡ ಶಿಖರಗಳ ಲೆಕ್ಕಕ್ಕೆ ಬರುವುದಿಲ್ಲ!

ನರೋಣಾದ ಸೀಮೆ ಇರುವುದು ಸಮುದ್ರಮಟ್ಟದಿಂದ ಸುಮಾರು 500 ಮೀಟರು ಎತ್ತರದಲ್ಲಿ. ಎತ್ತರ ಏರಿದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲೆಡೆಯೂ ನೂರಕ್ಕೆ 21ರಷ್ಟೇ. ಆದರೆ 4,400 ಮೀಟರಿನಲ್ಲಿ ಒಟ್ಟು ಒತ್ತಡವೇ ಸಮುದ್ರಮಟ್ಟದ ನೂರಕ್ಕೆ 58ರಷ್ಟಾದ್ದರಿಂದ, ಒಂದು ಉಸಿರಿಗೆ ದೊರೆಯುವ ಆಮ್ಲಜನಕವೂ ಅದೇ ಪ್ರಮಾಣದಲ್ಲಿ ಕಡಿಮೆ. ನೀರು ಅಲ್ಲಿ 100 ಡಿಗ್ರಿಯ ಬದಲು ಸುಮಾರು 85 ಡಿಗ್ರಿಗೇ ಕುದಿಯುತ್ತದೆ. ಬೇಳೆ ಬೇಯಲು ಬಹಳ ಹೊತ್ತು ಬೇಕು.

ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ. ಆದರೆ ದಿನಗಳು ಹಿಡಿಯುತ್ತವೆ. 2,500 ಮೀಟರು ದಾಟಿದ ಮೇಲೆ ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಕಂಡುಬಂದರೆ ಅದು ಎತ್ತರದ ಕಾಯಿಲೆಯ ಮೊದಲ ಸೂಚನೆ. ಲಕ್ಷಿಸದೆ ಮೇಲೇರಿದರೆ ಶ್ವಾಸಕೋಶದಲ್ಲೋ ಮಿದುಳಿನಲ್ಲೋ ನೀರು ತುಂಬಿ ಜೀವಕ್ಕೇ ಕುತ್ತು. 3,000 ಮೀಟರಿನ ಮೇಲೆ ಇಂದು ಮಲಗಿದ ಜಾಗಕ್ಕಿಂತ ನಾಳೆ ಮಲಗುವ ಜಾಗ 500 ಮೀಟರಿಗಿಂತ ಹೆಚ್ಚು ಎತ್ತರವಿರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಪೂರ್ತಿ ವಿಶ್ರಾಂತಿ ಬೇಕು. ಇದು ವೈದ್ಯರು ಒಪ್ಪಿದ ನಿಯಮ. ಕಾಯಿಲೆ ಜೋರಾದರೆ ಮೊದಲ ಮದ್ದು ಒಂದೇ: ಕೆಳಗೆ ಇಳಿಯುವುದು. ಓಡಿ ಗೆಲ್ಲುವ ಪಂದ್ಯಪಟುವಿಗೂ ಈ ನಿಯಮದಿಂದ ವಿನಾಯಿತಿ ಇಲ್ಲ. ದೇಹದಾರ್ಢ್ಯ ಬೇರೆ, ಎತ್ತರಕ್ಕೆ ಒಗ್ಗಿಕೊಳ್ಳುವುದು ಬೇರೆ.

ಚಳಿ ಕೊಲ್ಲುವ ಬಗೆ

ಪ್ರತಿ 1,000 ಮೀಟರು ಏರಿದಂತೆ ಉಷ್ಣತೆ ಸರಾಸರಿ 6.5 ಡಿಗ್ರಿಯಷ್ಟು ಇಳಿಯುತ್ತದೆ. ನರೋಣಾಕ್ಕೂ ಸಹಸ್ರತಾಲಕ್ಕೂ ಎತ್ತರದ ಲೆಕ್ಕವೊಂದರಿಂದಲೇ 25 ಡಿಗ್ರಿಯ ಅಂತರ. ಮೋಡ ಕವಿದು ಹಿಮ ಬಿದ್ದರೆ ಸೊನ್ನೆಗಿಂತ ಕೆಳಗೆ ಹೋಗಲು ತಡವಿಲ್ಲ. ಗಾಳಿ ಸೇರಿತೋ, ಕಥೆಯೇ ಬೇರೆ. ಮೈಗೆ ಅಂಟಿದಂತಿರುವ ಬೆಚ್ಚನೆಯ ಗಾಳಿಯ ತೆಳು ಪದರವನ್ನು ಬೀಸುಗಾಳಿ ಕಿತ್ತೊಯ್ಯುತ್ತದೆ. ಸೊನ್ನೆಗಿಂತ 5 ಡಿಗ್ರಿ ಕೆಳಗಿನ ಚಳಿಯಲ್ಲಿ ಗಂಟೆಗೆ 40 ಕಿಲೋಮೀಟರು ವೇಗದ ಗಾಳಿ ಬೀಸಿದರೆ, ಮೈಗೆ ಸೊನ್ನೆಗಿಂತ 14 ಡಿಗ್ರಿ ಕೆಳಗಿನಷ್ಟು ಚಳಿ ತಾಗುತ್ತದೆ.

ಬಟ್ಟೆ ಒದ್ದೆಯಾದರೆ ಇನ್ನೂ ಕಷ್ಟ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ನಮ್ಮ ಬಿಸಿಲಿಗೆ ಹೇಳಿ ಮಾಡಿಸಿದ ಹತ್ತಿಯ ಅಂಗಿ ಅಲ್ಲಿ ಶತ್ರು. ಬೆವರು ಹೀರಿ ಒಣಗದೆ ಮೈಗೆ ಅಂಟಿಕೊಳ್ಳುತ್ತದೆ. ಉಣ್ಣೆ ಒದ್ದೆಯಾದರೂ ಸ್ವಲ್ಪ ಬೆಚ್ಚಗಿಡುತ್ತದೆ. ಒಂದು ದಪ್ಪ ಸ್ವೆಟರಿಗಿಂತ ಒಂದರ ಮೇಲೊಂದು ಮೂರು ತೆಳು ಬಟ್ಟೆ, ಮೇಲೆ ಗಾಳಿ-ನೀರು ತಡೆಯುವ ಹೊದಿಕೆ ಲೇಸು. ನಡುವೆ ಸಿಲುಕಿದ ಗಾಳಿಯೇ ಶಾಖ ಕಾಯುವ ಕಾವಲುಗಾರ.

ಮನುಷ್ಯನ ಒಳಮೈಯ ಉಷ್ಣತೆ 37 ಡಿಗ್ರಿ. ಅದು 35 ಡಿಗ್ರಿಗಿಂತ ಇಳಿದರೆ ಹೈಪೋಥರ್ಮಿಯಾ, ಅಂದರೆ ದೇಹತಾಪದ ಕುಸಿತ. ಮೊದಲು ಗಡಗಡ ನಡುಕ. ಆಮೇಲೆ ಮಾತು ತೊದಲುತ್ತದೆ, ಕಾಲು ಎಡವುತ್ತದೆ, ಗುಂಡಿ ಹಾಕಿಕೊಳ್ಳಲೂ ಬೆರಳು ಬಗ್ಗುವುದಿಲ್ಲ. ನಂತರ ನಡುಕ ನಿಲ್ಲುತ್ತದೆ. ‘ಈಗ ಚಳಿ ಕಡಿಮೆಯಾಯಿತು’ ಎಂದು ಜೊತೆಗಿದ್ದವರು ತಿಳಿದರೆ ಅದೇ ದೊಡ್ಡ ತಪ್ಪು. ನಡುಗಲೂ ಶಕ್ತಿಯಿಲ್ಲದಷ್ಟು ದೇಹ ಸೋತಿದೆ ಎಂದರ್ಥ. ಎಲ್ಲಕ್ಕಿಂತ ಭಯಂಕರವೆಂದರೆ, ಬುದ್ಧಿ ಮಂಕಾಗುವುದರಿಂದ ತನಗೆ ಅಪಾಯವಾಗಿದೆಯೆಂಬುದು ರೋಗಿಗೇ ತಿಳಿಯುವುದಿಲ್ಲ. ಆದ್ದರಿಂದಲೇ ಬೆಟ್ಟದಲ್ಲಿ ಇಬ್ಬಿಬ್ಬರ ಜೋಡಿ ಮಾಡಿ, ಒಬ್ಬರ ಮುಖವನ್ನು ಮತ್ತೊಬ್ಬರು ಗಮನಿಸುತ್ತಿರಬೇಕು.

ಅಂಥವರನ್ನು ಗಾಳಿಯಿಂದ ಮರೆಮಾಡಿ, ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ಹೊದಿಸಬೇಕು. ನೆಲದ ತಂಪು ತಾಗದಂತೆ ಕೆಳಗೆ ಏನಾದರೂ ಹಾಸಬೇಕು. ಎಚ್ಚರವಿದ್ದರೆ ಬಿಸಿಯಾದ, ಸಿಹಿಯಾದ ಪಾನೀಯ ಕೊಡಬೇಕು. ಕೈಕಾಲು ಉಜ್ಜಬಾರದು. ಮದ್ಯವನ್ನಂತೂ ಕೊಡಲೇಬಾರದು. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ, ಬೆಚ್ಚಗಾದ ಭ್ರಮೆ ಹುಟ್ಟಿಸಿ, ಒಳಗಿನ ಶಾಖವನ್ನು ಹೊರಗೆ ಚೆಲ್ಲುತ್ತದೆ.

ಗಡಿಯಾರ ನೋಡಿ ಹಿಂದಿರುಗಿ

ಬೆಟ್ಟದ ಬೆಳಗು ಬಹುಮಟ್ಟಿಗೆ ತಿಳಿಯಾಗಿರುತ್ತದೆ. ಬಿಸಿಲೇರಿದಂತೆ ಕಣಿವೆಯ ಗಾಳಿ ಕಾದು ಮೇಲೇಳುತ್ತದೆ. ಮೇಲೆ ತಣಿದು ಮೋಡವಾಗಿ ಮಧ್ಯಾಹ್ನದ ಹೊತ್ತಿಗೆ ಮಳೆ, ಹಿಮ, ಗಾಳಿ ಶುರುವಾಗುತ್ತವೆ. ಬೆಳಗಿನ ನೀಲಿ ಆಕಾಶ ಮಧ್ಯಾಹ್ನಕ್ಕೆ ಭರವಸೆ ಕೊಡುವುದಿಲ್ಲ. ಅದಕ್ಕೆಂದೇ ಪರ್ವತಾರೋಹಿಗಳು ನಸುಕಿನಲ್ಲೇ ಹೊರಡುತ್ತಾರೆ. ಇಂಥ ಗಂಟೆಗೆ ಎಲ್ಲಿದ್ದರೂ ಸರಿ, ಗುರಿ ಎದುರಿಗೇ ಕಂಡರೂ ಸರಿ, ಹಿಂದಿರುಗಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳುತ್ತಾರೆ.

ಈ ನಿಯಮ ಮುರಿದರೆ ಏನಾದೀತೆಂಬುದಕ್ಕೆ ಜಗತ್ತು ಕಂಡ ಉದಾಹರಣೆ 1996ರ ಮೇ 10ರದು. ಅಂದು ಎವರೆಸ್ಟಿನಲ್ಲಿ ಮಧ್ಯಾಹ್ನ ಎರಡು ಗಂಟೆ ಮೀರಿದರೂ ಹಲವರು ಶಿಖರದತ್ತ ಏರುತ್ತಲೇ ಇದ್ದರು. ಸಂಜೆ ಬಿರುಗಾಳಿ ಎದ್ದಿತು. 8 ಜನ ಮರಳಲಿಲ್ಲ. ಅವರಲ್ಲಿ ಬೇರೆಯವರಿಗೆ ದಾರಿ ತೋರಿಸುತ್ತಿದ್ದ ನುರಿತ ಆರೋಹಿಗಳೂ ಇದ್ದರು. ಹಿಮಾಲಯದ ಗಾಳಿ ಅನುಭವಿ ಯಾರು, ಹೊಸಬ ಯಾರು ಎಂದು ಕೇಳುವುದಿಲ್ಲ. ಸಹಸ್ರತಾಲದ ಪಾಠವೂ ಇದೇ.

ತಂದೆ-ತಾಯಿ ಕೇಳಬೇಕಾದ್ದು

ಮಗನೋ ಮಗಳೋ ಚಾರಣಕ್ಕೆ ಹೊರಟರೆ ‘ಎಷ್ಟು ದುಡ್ಡು?’ ಎಂಬ ಪ್ರಶ್ನೆಯ ಜೊತೆಗೆ ಇನ್ನು ಕೆಲವನ್ನು ಕೇಳುವುದು ಒಳ್ಳೆಯದು. ಅತಿ ಎತ್ತರದ ಜಾಗ ಎಷ್ಟು ಮೀಟರು? ಒಗ್ಗಿಕೊಳ್ಳಲು ಎಷ್ಟು ದಿನ ಇಟ್ಟಿದ್ದಾರೆ? ಎಷ್ಟು ಜನರಿಗೆ ಒಬ್ಬ ಮಾರ್ಗದರ್ಶಕ, ಅವನ ತರಬೇತಿ ಏನು? ಅರಣ್ಯ ಇಲಾಖೆಯ ಅನುಮತಿ ಇದೆಯೇ? ಆ ಎತ್ತರದಲ್ಲಿ ಮೊಬೈಲ್ ಸಿಗದಿದ್ದರೆ ಸುದ್ದಿ ಮುಟ್ಟಿಸುವ ಬಗೆ ಹೇಗೆ? ಹವೆ ಕೆಟ್ಟರೆ ಹಿಂದಿರುಗುವ ತೀರ್ಮಾನ ಯಾರದು? ಈ ಕೊನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಗದಿದ್ದರೆ ಆ ತಂಡದ ಜೊತೆ ಕಳಿಸದಿರುವುದೇ ಲೇಸು.

ಕಲಿಯಲು ಮನಸ್ಸಿದ್ದವರಿಗೆ ದಾರಿಯೂ ಇದೆ. ಉತ್ತರಕಾಶಿಯಲ್ಲಿ 1965ರಲ್ಲಿ ಸ್ಥಾಪನೆಯಾದ ನೆಹರೂ ಪರ್ವತಾರೋಹಣ ಸಂಸ್ಥೆ ತರಬೇತಿ ಶಿಬಿರ ನಡೆಸುತ್ತದೆ. ಕರ್ನಾಟಕದಲ್ಲಿ ಜನರಲ್ ತಿಮ್ಮಯ್ಯ ಅವರ ಹೆಸರಿನ ರಾಷ್ಟ್ರೀಯ ಸಾಹಸ ಅಕಾಡೆಮಿಯಿದೆ. ಅಷ್ಟು ದೂರವೇಕೆ, ಹೊರಡುವ ಎರಡು ತಿಂಗಳು ಮೊದಲಿನಿಂದ ದಿನವೂ ನಸುಕಿನಲ್ಲಿ ಬೆನ್ನಿಗೆ ಭಾರ ಹೊತ್ತು ಹೊಲದ ದಾರಿಯಲ್ಲಿ ಐದಾರು ಕಿಲೋಮೀಟರು ನಡೆದರೆ ಕಾಲು ಗಟ್ಟಿಯಾಗುತ್ತವೆ. ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಬೆಲ್ಲ ಇದ್ದರೆ ಎಲ್ಲಿ ಸಿಲುಕಿದರೂ ಎರಡು ದಿನಕ್ಕೆ ಆಸರೆ.

ಹಿಂದಿರುಗುವ ವಿದ್ಯೆಯನ್ನಂತೂ ಈ ಸೀಮೆಯ ಮಕ್ಕಳು ಹಿಮಾಲಯಕ್ಕೆ ಹೋಗಿ ಕಲಿಯಬೇಕಾಗಿಲ್ಲ. ಮಳೆಗಾಲದಲ್ಲಿ ಹಳ್ಳ ಕೆಂಪಾಗಿ ತುಂಬಿ ಬಂದಾಗ, ಆಚೆ ದಂಡೆಯ ಹೊಲ ಎಷ್ಟೇ ಹತ್ತಿರ ಕಂಡರೂ, ತಿಳಿದ ರೈತ ನೀರಿಗೆ ಗಾಡಿ ಇಳಿಸುವುದಿಲ್ಲ. ಎತ್ತಿನ ಕೊರಳು ತಿರುವಿ ಮನೆಗೆ ಬರುತ್ತಾನೆ. ಅವನನ್ನು ಹೇಡಿ ಎಂದು ಊರಲ್ಲಿ ಯಾರೂ ಅನ್ನುವುದಿಲ್ಲ. ಹಳ್ಳ ಇಳಿದ ಮೇಲೆ ದಾಟಿದರಾಯಿತು; ಹೊಲ ಎಲ್ಲಿಗೂ ಹೋಗುವುದಿಲ್ಲ. ಬೆಟ್ಟವೂ ಅಷ್ಟೆ. ಈ ವರ್ಷ ಆಗದಿದ್ದರೆ ಮುಂದಿನ ವರ್ಷ ಹತ್ತಬಹುದು. ಹತ್ತಲು ಹೋದ ಮಗು ಮಾತ್ರ ಮನೆಗೆ ಮರಳಬೇಕು.