ಒಗ್ಗರಣೆಯ ಸಂಚಾರ

ತಿಂಡಿಯೊಂದಕ್ಕೆ ನರ್ತನದಿಂದ ಹೆಸರು ಬರುವುದುಂಟೆ? ಜಪಾನಿನಲ್ಲಿ ಬಂದಿದೆ. ಕಡ್ಡಿಗೆ ಚುಚ್ಚಿ ಸುಟ್ಟ ಸೋಯಾ ಗಿಣ್ಣು ಮರಗಾಲಿನ ಮೇಲೆ ಕುಣಿಯುವ ‘ದೆಂಗಾಕು’ ನರ್ತಕನಂತೆ ಕಂಡಿತಂತೆ! ಮುಂದೆ ಆ ಹೆಸರು ಮೊಟಕಾಗಿ, ಗೌರವಸೂಚಕವಾದ ‘ಒ’ಕಾರವನ್ನು ಮುಂದಿರಿಸಿಕೊಂಡು ‘ಒದೆನ್’ ಆಯಿತು. ಸುಡುತ್ತಿದ್ದುದು ಕ್ರಮೇಣ ಸಾರಿನಲ್ಲಿ ಮೆಲ್ಲನೆ ಕುದಿಯುವ ಬೀದಿಯ ತಿಂಡಿಯಾಯಿತು. 1895ರಿಂದ 1945ರವರೆಗೆ ತೈವಾನ್ ಜಪಾನಿನ ಆಳ್ವಿಕೆಯಲ್ಲಿದ್ದಾಗ ಅದು ಅಲ್ಲಿಗೂ ದಾಟಿತು. ಆಳ್ವಿಕೆ ಅಳಿಯಿತು, ತಿಂಡಿ ಉಳಿಯಿತು.

ಇಂಥದೇ ಕಥೆ ರಾಯಚೂರು ಸೀಮೆಯಲ್ಲಿಯೂ ಉಂಟು. ಮೈಸೂರಿನ ಗೃಹಿಣಿಗೆ ‘ಒಗ್ಗರಣೆ’ ಎಂದರೆ ಎಣ್ಣೆಯಲ್ಲಿ ಸಾಸಿವೆ ಸಿಡಿಸುವ ಕ್ರಿಯೆ. ರಾಯಚೂರು, ಮಾನ್ವಿ, ದೇವದುರ್ಗಗಳ ಬೀದಿಯಲ್ಲಿ ‘ಒಗ್ಗರಣಿ’ ಎಂದು ಕೇಳಿದವನ ಮುಂದೆ ಬರುವುದು ತಟ್ಟೆ ತುಂಬ ತಿಂಡಿ, ಜೊತೆಗೆ ಬಿಸಿ ಮಿರ್ಚಿ ಭಜಿ. ಕ್ರಿಯೆಯ ಹೆಸರೇ ಇಲ್ಲಿ ಪದಾರ್ಥದ ಹೆಸರಾಗಿದೆ.

ಇದರ ಜೀವಾಳ ಮಂಡಾಳು. ದಾವಣಗೆರೆಯವರ ಮಂಡಕ್ಕಿ, ಧಾರವಾಡದವರ ಚುರುಮುರಿ, ಬೆಂಗಳೂರಿನವರ ಪುರಿ. ಕುದುಪಲಕ್ಕಿಗೆ ಉಪ್ಪುನೀರು ಸವರಿ, ಕಾದ ಮರಳಿನಲ್ಲಿ ಹುರಿದರೆ ಒಳಗಿನ ತೇವ ಆವಿಯಾಗಿ ಕಾಳು ಅರಳುತ್ತದೆ. ಈ ಮಂಡಾಳನ್ನು ನೀರಿನಲ್ಲಿ ಅದ್ದಿ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಅರಿಸಿನಗಳ ಒಗ್ಗರಣೆಗೆ ಸುರಿದು, ಪುಠಾಣಿ ಹಿಟ್ಟು ಉದುರಿಸಿ ಕಲಸಿದರೆ ಮುಗಿಯಿತು. ಭಟ್ಟಿಯಲ್ಲಿಯೇ ಬೆಂದು ಬಂದ ಕಾಳಿಗೆ ಮತ್ತೆ ಹೆಚ್ಚು ಉರಿ ಬೇಡ. ಹಿಟ್ಟು ರುಬ್ಬಿ ಹುದುಗಿಸಿ ಇರುಳೆಲ್ಲ ಕಾಯಬೇಕಾಗಿಲ್ಲ. ಬೆಳಗಿನ ಬಸ್ಸು ಹಿಡಿಯುವವನಿಗೂ, ಕೂಲಿಗೆ ಹೊರಟವನಿಗೂ ಕ್ಷಣಮಾತ್ರದಲ್ಲಿ ಹೊಟ್ಟೆ ತುಂಬುವ ಉಪಾಯವಿದು. ಬಂಡಿಯವನ ಬಂಡವಾಳವೂ ಅಲ್ಪ.

ತುಂಗಭದ್ರೆಯ ಆಚೆಗೆ ಆದೋನಿ, ಕರ್ನೂಲು, ಅನಂತಪುರಗಳಲ್ಲಿ ಇದೇ ತಿಂಡಿಗೆ ‘ಉಗ್ಗಾನಿ’ ಎನ್ನುತ್ತಾರೆ. ತೆಲುಗಿನಲ್ಲಿ ಒಗ್ಗರಣೆಗೆ ‘ಪೋಪು’, ‘ತಾಳಿಂಪು’ ಎಂಬ ಸ್ವಂತ ಶಬ್ದಗಳೇ ಇವೆ; ಆದರೂ ತಿಂಡಿಯ ಹೆಸರಿನಲ್ಲಿ ಕನ್ನಡದ ದನಿ ಕೇಳಿಸದಿರದು.

ಈ ನೆಲದ ಮೇಲೆ ಎಳೆದ ಗೆರೆಗಳೇನು ಕಡಿಮೆಯೆ? ಅಂದು ರಾಯಚೂರು ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ಬಳ್ಳಾರಿ ಮದರಾಸು ಪ್ರಾಂತಕ್ಕೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಬಂದಿತು; ಅದೇ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. 1956ರ ನವೆಂಬರ್ 1ರಂದು ರಾಯಚೂರೂ ಕನ್ನಡ ನಾಡನ್ನು ಕೂಡಿಕೊಂಡಿತು. ಕಚೇರಿಯ ಭಾಷೆ ಬದಲಾಯಿತು, ಶಾಲೆಯ ಪುಸ್ತಕ ಬದಲಾಯಿತು, ಒಂದೇ ಮನೆತನದ ನೆಂಟರು ಎರಡು ರಾಜ್ಯಗಳವರಾದರು.

ಆದರೆ ಹೊಳೆಯ ಈಚೆ ಹಸಿದವನೂ ಆಚೆ ಹಸಿದವನೂ ಬೆಳಗಾದರೆ ಕೈಯಿಡುವುದು ಅದೇ ತಟ್ಟೆಗೆ. ನಕ್ಷೆ ಅಗಲಿಸಿದ ನೆಂಟರನ್ನು ಒಗ್ಗರಣೆಯ ಘಮ ಇನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುತ್ತಿದೆ.